ಓಡಿಹೋದ ದೇವತೆ, ಬೈಸಿಕೊಂಡ ದೇವರು

ಭಾಗಮಂಡಲದ ಸಂಗಮದಲ್ಲಿ ಮೂರು ನದಿ ಸೇರ್ತಾವೆ ಅಂತ ಹೇಳುತ್ತಾರೆ. ಕಣ್ಣಿಗೆ ಕಾಣುವುದು ಎರಡೇ, ಕಾವೇರಿ ಮತ್ತು ಕನ್ನಿಕೆ. ಮೂರನೆಯವಳು ಸುಜ್ಯೋತಿ, ನೆಲದೊಳಗೆ ಹರಿಯುವವಳು. ಅಕ್ಟೋಬರಿನಲ್ಲಿ ತುಲಾ ಸಂಕ್ರಮಣ ಬಂತೆಂದರೆ ಜನ ಇಲ್ಲಿ ಮುಳುಗೆದ್ದು, ಎಂಟು ಕಿಲೋಮೀಟರು ಮೇಲಿರುವ ತಲಕಾವೇರಿಯ ಕುಂಡಿಕೆಗೆ ಹೋಗುತ್ತಾರೆ. ಕಾಣದ ನದಿಗೆ ಕೈಮುಗಿಯುವ ಈ ದೇಶಕ್ಕೆ ಕಣ್ಣೆದುರಿನ ಮನುಷ್ಯ ಮಾತ್ರ ಸಾವಿರಾರು ವರ್ಷ ಕಾಣಲಿಲ್ಲ. ಇದು ಹೇಗಾಯಿತು? ದೇವರ ಕಥೆಗಳನ್ನೇ ಕೇಳಿ ನೋಡೋಣ.

ಪುರಾಣದ ಪ್ರಕಾರ ಬ್ರಹ್ಮನ ಮಗಳು ಕವೇರ ಮುನಿಗೆ ಸಾಕುಮಗಳಾದಳು. ಅಗಸ್ತ್ಯ ಅವಳನ್ನು ಕಂಡು ಮದುವೆಯಾಗು ಎಂದ. ನನ್ನನ್ನು ಒಂಟಿಯಾಗಿ ಬಿಟ್ಟು ಹೋಗಬಾರದು ಎಂದು ಅವಳು ಕರಾರು ಹಾಕಿದಳು. ಅವನು ಒಪ್ಪಿದ. ಆಮೇಲೊಂದು ದಿನ ಅವಳನ್ನು ಕಮಂಡಲದಲ್ಲಿಟ್ಟು, ಶಿಷ್ಯರನ್ನು ಕಾವಲಿಗೆ ಬಿಟ್ಟು ಸ್ನಾನಕ್ಕೆ ಹೋದ. ಮಾತು ಮುರಿದವನ ಮನೆ ತನಗೆ ಬೇಡವೆಂದು ಅವಳು ಹರಿದು ಹೊರಟಳು. ಶಿಷ್ಯರು ಅಡ್ಡ ಬಂದರೆ ನೆಲದೊಳಗೆ ಇಳಿದಳು. ಭಾಗಮಂಡಲದಲ್ಲಿ ಮತ್ತೆ ಮೇಲೆದ್ದಳು. ಬಲಮುರಿಯಲ್ಲಿ ತಡೆಯಹೋದ ಹೆಂಗಸರ ಸೀರೆಯ ನೆರಿಗೆಯನ್ನು ಅವಳ ಸೆಳವು ಹಿಂದಕ್ಕೆ ತಳ್ಳಿತಂತೆ. ಕೊಡಗಿನ ಹೆಂಗಸರು ನೆರಿಗೆ ಹಿಂದಕ್ಕೆ ಉಡುವುದು ಅದಕ್ಕೇ ಅಂತೆ.

ಪುರಾಣ ಇದನ್ನು ಲೋಕಕಲ್ಯಾಣ ಎನ್ನುತ್ತದೆ. ನಾವು ಕೇಳುವುದು ಬೇರೆ: ಹೆಣ್ಣನ್ನು ಕಮಂಡಲದಲ್ಲಿ ಇಡುವ ಹಕ್ಕು ಋಷಿಗೆ ಕೊಟ್ಟವರು ಯಾರು?

ಇಂಥದೇ ಕಥೆ ದೂರದ ಗ್ರೀಸಿನಲ್ಲೂ ಇದೆ. ಗ್ರೀಕರ ದೇವರುಗಳು ಕನ್ನಡಕ್ಕೆ ಹೊಸಬರಲ್ಲ. ಬಿ.ಎಂ.ಶ್ರೀ. ಅವರು 1929ರಲ್ಲಿ ಸೋಫೋಕ್ಲಿಸನ ನಾಟಕವೊಂದನ್ನು 'ಅಶ್ವತ್ಥಾಮನ್' ಮಾಡಿದರು. ಲಂಕೇಶ್ ಈಡಿಪಸ್ಸನನ್ನು ತಂದರು. ಆದರೆ ಶಾಲೆಯ ಪುಸ್ತಕದಲ್ಲಿ ಈ ದೇವರುಗಳು ಬರುವುದು ಬರೀ ಅಮೃತಶಿಲೆಯ ಚೆಂದದ ಮೂರ್ತಿಗಳಾಗಿ. ಅವರ ಕಥೆಗಳನ್ನು ಬಿಚ್ಚಿದರೆ ನಮ್ಮೂರಿನ ಗೌಡರೂ ಶಾನುಭೋಗರೂ ಎದ್ದು ಕೂರುತ್ತಾರೆ.

ಅರೆಥೂಸ ಎಂಬ ವನದೇವತೆ ಆಲ್ಫಿಯಸ್ ನದಿಯಲ್ಲಿ ಮೀಯುತ್ತಿದ್ದಾಗ ನದಿಯ ದೇವರೇ ಅವಳ ಬೆನ್ನು ಹತ್ತಿದ. ಅವಳು ಓಡಿದಳು, ನೀರಾದಳು, ನೆಲದೊಳಗೆ ಇಳಿದಳು, ಸಮುದ್ರದಾಚೆ ಸಿಸಿಲಿಯ ಸಿರಾಕ್ಯೂಸ್ ಊರಿನಲ್ಲಿ ಬುಗ್ಗೆಯಾಗಿ ಎದ್ದಳು. ಆ ಬುಗ್ಗೆ ಇವತ್ತಿಗೂ ಇದೆ. ಕಾವೇರಿಗೂ ಅರೆಥೂಸಳಿಗೂ ಪರಿಚಯವಿರಲಿಲ್ಲ. ಆದರೆ ಹೆಣ್ಣಿಗೆ ಮನೆಯೊಳಗೆ ದಾರಿಯಿಲ್ಲದ ಸಮಾಜ ಎಲ್ಲಿದ್ದರೂ ಅವಳಿಗೆ ನೆಲದಡಿಯ ದಾರಿಯನ್ನೇ ತೋರಿಸುತ್ತದೆ.

ಅಥೀನಳ ಕಥೆ ಇನ್ನೂ ಸ್ಪಷ್ಟ. ಬಸುರಿ ಮೇಟಿಸಳನ್ನು ದೇವರ ದೊರೆ ಸ್ಯೂಸ್ ನುಂಗಿಬಿಟ್ಟ, ಅವಳ ಮಗ ತನ್ನ ಗಾದಿ ಕಿತ್ತುಕೊಂಡಾನು ಎಂಬ ಭಯಕ್ಕೆ. ಆಮೇಲೆ ಅವನ ತಲೆಯಿಂದ ಅಥೀನ ಹುಟ್ಟಿದಳು. ಕ್ರಿ.ಪೂ. 458ರಲ್ಲಿ ಈಸ್ಕಿಲಸ್ ಆಡಿಸಿದ ನಾಟಕದಲ್ಲಿ ತಾಯಿಯನ್ನು ಕೊಂದವನ ವಿಚಾರಣೆ ನಡೆಯುತ್ತದೆ. ಹೆತ್ತವಳು ಬೀಜವನ್ನು ಕಾಯುವವಳು ಅಷ್ಟೇ, ನಿಜವಾದ ಹುಟ್ಟು ತಂದೆಯದು ಎಂದು ಅಪೊಲೊ ವಾದಿಸುತ್ತಾನೆ. ತಾಯಿಯಿಲ್ಲದೆ ಹುಟ್ಟಿದ ಅಥೀನ ಕೊಂದವನ ಪರ ಓಟು ಹಾಕುತ್ತಾಳೆ. ನಮ್ಮ ಮನುಸ್ಮೃತಿಯ ಒಂಬತ್ತನೇ ಅಧ್ಯಾಯವೂ ಬೀಜ ಮೇಲು, ಕ್ಷೇತ್ರ ಕೀಳು ಅನ್ನುತ್ತದೆ. ಹೊಲ ಯಾರದೋ ಬೆಳೆ ಅವನದು, ಎರಡು ಕಡೆಯೂ ಇದೇ ಲೆಕ್ಕ.

ಹೆಣ್ಣಿನ ಕಥೆ ಹೀಗಾದರೆ ದುಡಿಯುವವನ ಕಥೆ ಏನು? ಸ್ಯೂಸ್ ತನ್ನ ಅಪ್ಪ ಕ್ರೋನಸನನ್ನು ಸೋಲಿಸಿ ಗಾದಿ ಏರಿದವನು. ಕ್ರೋನಸನೂ ಸಾಧುವಲ್ಲ, ಹೆತ್ತ ಮಕ್ಕಳನ್ನೇ ನುಂಗಿದವನು. ಆದರೂ ಅವನ ಕಾಲದಲ್ಲಿ ಕಷ್ಟದ ದುಡಿಮೆ ಇರಲಿಲ್ಲ, ನೆಲ ತಾನಾಗಿ ಬೆಳೆ ಕೊಡುತ್ತಿತ್ತು ಎಂಬ ನೆನಪು ಜನರಲ್ಲಿ ಉಳಿಯಿತು. ನಮ್ಮ ಬಲಿ ಚಕ್ರವರ್ತಿಯ ನೆನಪಿನ ಹಾಗೆ. 1873ರಲ್ಲಿ 'ಗುಲಾಮಗಿರಿ' ಬರೆದ ಜೋತಿಬಾ ಫುಲೆ ಆ ಬಲಿಯನ್ನು ನಮ್ಮವನೆಂದು ಗುರುತಿಸಿದ್ದು ಸುಮ್ಮನೆ ಅಲ್ಲ. ಅಥೆನ್ಸಿನಲ್ಲಿ ಕ್ರೋನಸನ ಹೆಸರಲ್ಲಿ ಕ್ರೋನಿಯಾ ಎಂಬ ಹಬ್ಬವಿತ್ತು. ಆ ದಿನ ಒಡೆಯರೂ ಗುಲಾಮರೂ ಒಟ್ಟಿಗೆ ಕೂತು ಉಣ್ಣುತ್ತಿದ್ದರು. ಮಾರನೇ ದಿನ ಗುಲಾಮ ಮತ್ತೆ ಗುಲಾಮ; ಲಾರಿಯಮ್ಮಿನ ಬೆಳ್ಳಿ ಗಣಿಯ ಕತ್ತಲೆಗೆ ಇಳಿಯಬೇಕಾದವರು ಇಳಿಯಲೇಬೇಕು. ಗುಲಾಮನೆಂದರೆ ಉಸಿರಾಡುವ ಹತಾರ ಎಂದು ಅರಿಸ್ಟಾಟಲನೇ ಬರೆದಿಟ್ಟ.

ಕೊಡಗಿನಲ್ಲೂ ಆ ಹತಾರಗಳಿದ್ದವು. ಭೂಮಿ ಜಮ್ಮದ ಆಳು ಗದ್ದೆಯ ಜೊತೆಗೆ ಕೈ ಬದಲಾಗುತ್ತಿದ್ದ. ಒಕ್ಕಲು ಜಮ್ಮದ ಆಳು ಮನೆತನದ ಸೊತ್ತು. 1834ರಲ್ಲಿ ಇಂಗ್ಲಿಷರು ಕೊಡಗನ್ನು ಹಿಡಿದರು, 1843ರಲ್ಲಿ ಗುಲಾಮಗಿರಿಯ ವಿರುದ್ಧ ಕಾಯಿದೆ ಬಂತು. ಆಮೇಲೆ ಕಾಫಿ ತೋಟಗಳೆದ್ದವು, ಆಳು ಲೈನ್ ಮನೆಗೆ ಬಂದ. ಹೆಸರು ಬದಲಾಯ್ತು, ಬೆನ್ನು ಅದೇ.

ಇಲ್ಲೂ ಅಂಥ ಒಂದು ದಿನವಿದೆ. ದಕ್ಷಿಣ ಕೊಡಗಿನ ದೇವರಪುರದಲ್ಲಿ ಮೇ ತಿಂಗಳಲ್ಲಿ ಕುಂಡೆ ಹಬ್ಬ. ಕಾಡಿಗೆ ಕರಕೊಂಡು ಬಂದ ಅಯ್ಯಪ್ಪ, ಭದ್ರಕಾಳಿಗೆ ಮರುಳಾಗಿ ನಮ್ಮನ್ನು ನಡುದಾರಿಯಲ್ಲಿ ಬಿಟ್ಟು ಹೋದ ಎಂಬುದು ಕುರುಬರ, ಯರವರ ಕಥೆ. ಅದಕ್ಕೇ ವೇಷ ಹಾಕಿ, ಡಬ್ಬ ಬಡಿಯುತ್ತಾ, ಬಾಯಿಗೆ ಬಂದಂತೆ ಬೈಯುತ್ತಾ ದೇವರ ಮುಂದೆ ಹೋಗುತ್ತಾರೆ. ದಾರಿಯಲ್ಲಿ ಸಿಕ್ಕ ಸಾಹುಕಾರನಿಗೂ ಅದೇ ಬೈಗುಳ, ಯಾರೂ ಸಿಟ್ಟಾಗುವಂತಿಲ್ಲ. ಸುಶಿಕ್ಷಿತರು ಇದನ್ನು ಅಶ್ಲೀಲ ಅಂತಾರೆ. ಕೈಬಿಟ್ಟ ದೇವರನ್ನು ಎದುರು ನಿಂತು ಲೆಕ್ಕ ಕೇಳುವ ಧೈರ್ಯ ಯಾವ ಶಿಷ್ಟ ಪುರಾಣದಲ್ಲಿದೆ ಎಂದು ನಾವು ಅವರನ್ನು ಕೇಳುತ್ತೇವೆ.

ಆದರೆ ಮೋಸ ಎಲ್ಲಿದೆಯೆಂದರೆ, ಆ ಒಂದು ದಿನದಲ್ಲೇ. ಬೈಯಲು ಒಂದು ದಿನ ಕೊಟ್ಟವನು 364 ದಿನದ ಮೌನವನ್ನು ಕೊಂಡುಕೊಂಡಿರುತ್ತಾನೆ. ಕ್ರೋನಿಯಾ ಮಾಡಿದ್ದೂ ಅದನ್ನೇ. ಓಡಿಹೋದ ಕಾವೇರಿಯನ್ನು ಪೂಜೆಯಲ್ಲಿ ಹಿಡಿದು ಹಾಕಿದ್ದೂ ಇದೇ ಜಾಣತನ.

1927ರ ಮಾರ್ಚ್ 20ರಂದು ಮಹಾಡದಲ್ಲಿ ಬಾಬಾಸಾಹೇಬರು ತಮ್ಮ ಜನರೊಂದಿಗೆ ಚವದಾರ್ ಕೆರೆಗೆ ನಡೆದು ಹೋಗಿ ನೀರು ಕುಡಿದರು. ಅವರು ನೆಲದಡಿ ಇಳಿದು ಓಡಲಿಲ್ಲ. ಹಬ್ಬದ ದಿನಕ್ಕೂ ಕಾಯಲಿಲ್ಲ. ನೀರು ಕುಡಿಯಲು ಯಾವ ದೇವರ ಅಪ್ಪಣೆಯನ್ನೂ ಕೇಳಲಿಲ್ಲ.

ಹಳ್ಳಿಯ ಮೇಷ್ಟರುಗಳೇ, ಸ್ಯೂಸನ ಪಾಠ ಬಂದಾಗ, ಕಾವೇರಿಯ ಪಾಠ ಬಂದಾಗ ಮಕ್ಕಳಿಗೆ ಕಥೆ ಹೇಳಿ, ಬೇಡವೆನ್ನುವುದಿಲ್ಲ. ಕಥೆಗಳು ನಮ್ಮವೂ ಹೌದು. ಆದರೆ ಕಥೆ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿಸಿ: ಈ ಕಥೆಯಲ್ಲಿ ಕಮಂಡಲ ಯಾರ ಕೈಯಲ್ಲಿದೆ?