ಸಮ್ಮೋಹನಾಸ್ತ್ರವೂ ಯುದ್ಧಧರ್ಮವೂ

ವಿರಾಟಪರ್ವದಲ್ಲಿ ಅರ್ಜುನನು ಸಮ್ಮೋಹನಾಸ್ತ್ರದಿಂದ ಕೌರವಸೇನೆಯನ್ನು ಮೈಮರೆಸಿದ ಕಥೆಯನ್ನು ವಾಚಕರು ಬಲ್ಲರು. ಮಲಗಿದವರು ಮತ್ತೆ ಎದ್ದರು. ಉತ್ತರನು ಕೊಂಡೊಯ್ದದ್ದು ಅವರ ವಸ್ತ್ರಗಳನ್ನಷ್ಟೆ. ಮಿದುಳನ್ನು ಮಂಕುಮಾಡುವ ಇಂದಿನ ಅಸ್ತ್ರಗಳಿಗೆ ಆ ಸೌಮ್ಯಗುಣವಿಲ್ಲ.

1993ರ ರಾಸಾಯನಿಕ ಶಸ್ತ್ರಾಸ್ತ್ರ ಒಪ್ಪಂದವು, ಕೊಲ್ಲುವ ವಿಷವನ್ನಷ್ಟೇ ಅಲ್ಲದೆ ಕೆಲಕಾಲ ಎಚ್ಚರಗೆಡಿಸುವ ದ್ರವ್ಯವನ್ನೂ ಯುದ್ಧದಲ್ಲಿ ನಿಷೇಧಿಸಿತು. ಆದರೆ ಕಾನೂನುಪಾಲನೆಯ ಕಾರ್ಯಕ್ಕೆ ವಿನಾಯಿತಿಯೊಂದನ್ನು ಉಳಿಸಿತು.

2002ರ ಅಕ್ಟೋಬರಿನಲ್ಲಿ ಚೆಚೆನ್ ಬಂಡುಕೋರರು ಮಾಸ್ಕೋದ ನಾಟಕಶಾಲೆಯೊಂದರಲ್ಲಿ 800ಕ್ಕೂ ಹೆಚ್ಚು ಮಂದಿಯನ್ನು ಒತ್ತೆಯಾಗಿ ಹಿಡಿದರು. ಮೂರು ದಿನಗಳ ಬಳಿಕ ರಷ್ಯದ ಪಡೆ ಫೆಂಟಾನಿಲ್ ಜಾತಿಯ ಮದ್ದನ್ನು ಗಾಳಿಯೊಡನೆ ಒಳಗೆ ಹಾಯಿಸಿತು. ಮಿದುಳಿನಲ್ಲಿ ಉಸಿರಾಟವನ್ನು ನಡೆಸುವ ಕೇಂದ್ರವನ್ನೇ ಅದು ಕುಗ್ಗಿಸುತ್ತದೆ. ಸುಮಾರು 130 ಒತ್ತೆಯಾಳುಗಳು ಸತ್ತರು. ಅವರಲ್ಲಿ ಬಹುಮಂದಿ ಸತ್ತದ್ದು ಬಿಡಿಸಬಂದವರ ಮದ್ದಿನಿಂದಲೇ.

ಶತ್ರುಸೈನಿಕನ ಮೇಲೆ ಬಳಸಬಾರದ ಮದ್ದನ್ನು ಸ್ವಂತ ಪ್ರಜೆಗಳ ಮೇಲೆ ಬಳಸಬಹುದೆ? 2021ರ ಡಿಸೆಂಬರಿನಲ್ಲಿ ಒಪ್ಪಂದದ ಸದಸ್ಯರಾಷ್ಟ್ರಗಳು ಉತ್ತರ ಕೊಟ್ಟವು: ನರಮಂಡಲದ ಮೇಲೆ ವರ್ತಿಸುವ ಇಂಥ ದ್ರವ್ಯಗಳನ್ನು ಗಾಳಿಯಲ್ಲಿ ಸಿಂಪಡಿಸುವುದು ಕಾನೂನುಪಾಲನೆಗೆ ಸಲ್ಲದು. ತೀರ್ಮಾನವಾದದ್ದು ಬಹುಮತದಿಂದ, ರಷ್ಯ ವಿರೋಧಿಸಿತು.

ಬಿಟ್ಟ ಅಸ್ತ್ರವನ್ನು ಉಪಸಂಹರಿಸಲರಿಯದವನು ಅದನ್ನು ತೊಡಬಾರದೆಂಬುದಕ್ಕೆ ಅಶ್ವತ್ಥಾಮನೇ ಸಾಕ್ಷಿ. ಆ ಸಭೆಯ ತೀರ್ಮಾನದಲ್ಲಿ ನನಗೆ ಕಾಣುವುದೂ ಅದೇ ವಿವೇಕ.