ಉಗುರಿನ ಮೇಲಣ ಮೈಸೂರು

ಕಳೆದ ಲೋಕಸಭಾ ಚುನಾವಣೆಯ ದಿನ, ಎಂದರೆ 2024ರ ಏಪ್ರಿಲ್ 26ರಂದು, ಅಮ್ಮತ್ತಿಯಲ್ಲಿ ಮತ ಹಾಕಿ ಹೊರಬಂದಾಗ ಕಾಫಿತೋಟದ ಕೆಲಸದ ಹೆಂಗಸೊಬ್ಬಳು ತನ್ನ ಎಡಗೈಯ ತೋರುಬೆರಳನ್ನು ಸೆರಗಿನಿಂದ ತಿಕ್ಕುತ್ತ ನಿಂತಿದ್ದಳು. "ಇದು ಹೋಗೋದೇ ಇಲ್ವಲ್ಲ ಮೇಷ್ಟ್ರೇ, ಯಾರು ಮಾಡೋದು ಇದನ್ನ?" ಎಂದಳು. "ಮೈಸೂರಿನಲ್ಲಿ ಬಣ್ಣ ಮಾಡುವವರಮ್ಮ" ಎಂದೆ. "ಹಾಗಿದ್ರೆ ಗೋಡೆ ಬಣ್ಣಾನೂ ಹಿಂಗೇ ಮಾಡಬಾರದಾ? ನಮ್ಮ ಲೈನ್ ಮನೆ ಸುಣ್ಣ ಒಂದು ಮಳೆಗಾಲ ತಡೆಯೋದಿಲ್ಲ."

ಆಕೆಯ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಆ ಬಣ್ಣದವರ ಕಥೆ ಕೇಳತಕ್ಕದ್ದು.

1937ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮೈಸೂರಿನಲ್ಲಿ ಒಂದು ಕಾರ್ಖಾನೆ ಹುಟ್ಟಿತು. ಹೆಸರು ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಲ್ಯಾಕ್ ಎಂದರೆ ಅರಗು. ಮರದ ರೆಂಬೆಯ ಮೇಲೆ ಸಣ್ಣ ಹುಳುಗಳು ಸ್ರವಿಸುವ ಅಂಟು. ಅರಗು ಎಂದೊಡನೆ ಕನ್ನಡ ಪಾಠ ಹೇಳುವವನಿಗೆ ಪಾಂಡವರನ್ನು ಸುಡಲು ಕಟ್ಟಿದ ಮನೆಯೇ ನೆನಪಾಗುತ್ತದೆ. ಮೈಸೂರಿನ ಅರಗು ಅಂಥದಲ್ಲ. ಅದು ಮುಂದೆ ಮತಪೆಟ್ಟಿಗೆಗಳಿಗೆ ಮೊಹರು ಹಾಕಿ ಬಡವನ ಚೀಟಿಯನ್ನು ಕಾಯ್ದ ಅರಗು. 1947ರಲ್ಲಿ ಕಾರ್ಖಾನೆ ಸರ್ಕಾರದ ಉದ್ಯಮವಾಯಿತು. 1989ರಿಂದ ಅದಕ್ಕೆ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರು.

1962ರ ಮೂರನೆಯ ಮಹಾಚುನಾವಣೆಯಲ್ಲಿ ಈ ಕಾರ್ಖಾನೆಯ ಶಾಯಿ ಮೊದಲ ಬಾರಿಗೆ ದೇಶದ ಬೆರಳುಗಳನ್ನು ಮುಟ್ಟಿತು. ಸೂತ್ರ ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಡನೆ ಕೂಡಿ, ಬೆಳಕು ತಾಗಿ ಕಪ್ಪಾಗುತ್ತದೆ. ಚರ್ಮದ ಗುರುತು ಬೇಗ ಮಾಸೀತು. ಉಗುರಿನದು ಮಾತ್ರ ಉಗುರು ಬೆಳೆದು ಕತ್ತರಿಸುವವರೆಗೂ ಇರುತ್ತದೆ. ಕೊಡಗು ಮೈಸೂರು ರಾಜ್ಯವನ್ನು ಸೇರಿ ಆಗ ಆರು ವರ್ಷವೂ ತುಂಬಿರಲಿಲ್ಲ. ಚುನಾವಣೆ ನಡೆದದ್ದು ಫೆಬ್ರವರಿಯಲ್ಲಿ, ಇಲ್ಲಿ ರೊಬಸ್ಟಾ ಹಣ್ಣು ಕುಯ್ಯುವ ಕಾಲ. ಕಾಫಿಯ ಕಲೆ ಹಿಡಿದ ಬೆರಳುಗಳ ಮೇಲೆ ಈ ಇನ್ನೊಂದು ಕಪ್ಪು ಬಿತ್ತು. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರ ಹೆಸರಿನಲ್ಲಿ ಇನ್ನಾರೋ ಮತ ಹಾಕಿ ಹೋಗುವುದು ಸುಲಭ. ಅವರ ಬಳಿ ಇರುವುದಾದರೋ ಆ ಒಂದೇ ಮತ. ಹಾಗೆ ಬಂದವನು ಎರಡನೆಯ ಸಲ ಬೆರಳು ಚಾಚಲು ಅಂಜಬೇಕು, ಅಷ್ಟಕ್ಕೇ ಈ ಕಪ್ಪು.

ಬಳಿಕ ಶಾಯಿ ಕಡಲು ದಾಟಿತು. ಇಪ್ಪತ್ತೈದಕ್ಕೂ ಹೆಚ್ಚು ದೇಶಗಳು ಅದನ್ನು ತರಿಸಿಕೊಂಡಿವೆ. ಹೊರದೇಶದ ದೊಡ್ಡ ಬಣ್ಣದ ಕಂಪನಿಗಳು ನಮ್ಮ ಮಳೆ, ನಮ್ಮ ಗೋಡೆ, ನಮ್ಮ ಹಬ್ಬಗಳನ್ನು ತಿಳಿದು ಡಬ್ಬಿ ತುಂಬುತ್ತವೆಂದು ಕೇಳುತ್ತೇವೆ. ಇಲ್ಲಿ ಮೈಸೂರಿನವರೇ ಪರರ ಬೆರಳಿನ ಅಭ್ಯಾಸವನ್ನು ತಿಳಿಯಬೇಕಾಯಿತು. ನಮ್ಮಲ್ಲಿ ಕಡ್ಡಿಯಿಂದ ಗೆರೆ ಎಳೆಯುತ್ತಾರೆ. 10 ಮಿಲಿಲೀಟರಿನ ಒಂದು ಸೀಸೆ ಸುಮಾರು 700 ಜನರಿಗೆ ಸಾಕು. ಕಾಂಬೋಡಿಯಾದಲ್ಲಿ, ಮಾಲ್ಡೀವ್ಸ್‌ನಲ್ಲಿ ಮತದಾರ ಬೆರಳನ್ನೇ ಅದ್ದುತ್ತಾನೆ. ನಮ್ಮ ಸೀಸೆಯ ಬಾಯೊಳಗೆ ಅವನ ಬೆರಳು ಹಿಡಿಯುವುದುಂಟೆ? ಹಿಡಿದರೂ ಎಷ್ಟು ಜನಕ್ಕೆ ಬಂದೀತು! ಬುರ್ಕಿನಾ ಫಾಸೋದಲ್ಲಿ ಕುಂಚದಿಂದ ಹಚ್ಚುತ್ತಾರೆ. ಗುರುತಿನ ಕೆಲಸ ಎಲ್ಲೆಡೆಯೂ ಒಂದೇ, ಪಾತ್ರೆ ಮಾತ್ರ ಊರಿಗೊಂದು. ನಮ್ಮಲ್ಲೂ 2006ಕ್ಕೆ ಮುಂಚೆ ಉಗುರು ಚರ್ಮಗಳು ಕೂಡುವಲ್ಲಿ ಗುರುತಿಡುತ್ತಿದ್ದರು. ಉದ್ದ ಗೆರೆ ಬಂದದ್ದು ಆಮೇಲೆ.

ಪಾತ್ರೆ ಹೊಂದಿದರೂ ಕೆಲವೆಡೆ ಮನಸ್ಸು ಹೊಂದದು. ಮಲೇಷ್ಯಾ 2008ರಲ್ಲಿ ಭಾರತದಿಂದ ಶಾಯಿ ತರಿಸಿ, ಮಾರ್ಚ್ 8ರ ಮತದಾನಕ್ಕೆ ನಾಲ್ಕು ದಿನವಿರುವಾಗ ಬೇಡವೆಂದಿತು. ಬಂದ ಸೀಸೆಗಳು ಬೆರಳನ್ನು ಮುಟ್ಟಲೇ ಇಲ್ಲ.

ಕಕ್ಕಡದ ಮಳೆಯಲ್ಲಿ ಆ ಹೆಂಗಸು ಮತ್ತೆ ಸಿಕ್ಕಿ, ಕೇಳದೆಯೇ ಬೆರಳು ತೋರಿಸಿದಳು. ಏಪ್ರಿಲಿನ ಕಪ್ಪು ಉಗುರಿನ ತುದಿಗೆ ಸರಿದಿತ್ತು. ಲೈನ್ ಮನೆಯ ಗೋಡೆಯ ಮೇಲೆ ಅಷ್ಟರಲ್ಲಿ ಮೊಣಕಾಲುದ್ದ ಪಾಚಿ ಏರಿತ್ತು.