ಎಂಟನೆಯದು

ಬ್ಯಾಂಕು, ರೈಲ್ವೆಗಳ ಕಂಪ್ಯೂಟರುಗಳಿಗೆ ಆಗಾಗ ಹೊಸ ಪ್ರೋಗ್ರಾಂ ತುಂಬಬೇಕಾಗುತ್ತದೆ. ಕೆಲಸ ನಿಲ್ಲಿಸುವಂತಿಲ್ಲ, ಊಟಕ್ಕೆ ಕೂತವರನ್ನು ಎಬ್ಬಿಸದೆ ಎಲೆ ಬದಲಿಸಿದ ಹಾಗೆ. ಕೈ ತಪ್ಪಿದರೆ ಏನಾದೀತು ಎಂಬುದಕ್ಕೆ ಅಮೆರಿಕದ್ದೊಂದು ಕಥೆ ಕೇಳಿ.

ನೈಟ್ ಕ್ಯಾಪಿಟಲ್ ಎಂಬುದು ಷೇರು ಕೊಂಡು ಮಾರುವ ದೊಡ್ಡ ಕಂಪನಿ. 2012ರ ಜುಲೈ ಕೊನೆಯಲ್ಲಿ ಅದರ ಎಂಟು ಸರ್ವರುಗಳಿಗೆ ಹೊಸ ಪ್ರೋಗ್ರಾಂ ಹಾಕಬೇಕಿತ್ತು. ಏಳಕ್ಕೆ ಹಾಕಿದರು, ಎಂಟನೆಯದು ಉಳಿದುಹೋಯಿತು. 2003ರಲ್ಲೇ ಬಳಕೆ ನಿಂತಿದ್ದ ಹಳೆಯ ಪ್ರೋಗ್ರಾಮೊಂದು ಅದರೊಳಗಿತ್ತು. ಹೊಸದನ್ನು ಎಬ್ಬಿಸಲು ಇಟ್ಟ ಗುರುತೂ, ಆ ಹಳೆಯದರ ಗುರುತೂ ಒಂದೇ. ಆಗಸ್ಟ್ 1ರ ಬೆಳಿಗ್ಗೆ ಪೇಟೆ ತೆರೆದದ್ದೇ ತಡ, ಹಳೆಯದು ಎದ್ದು ಕೂತು ಲೆಕ್ಕವಿಲ್ಲದೆ ವ್ಯಾಪಾರಕ್ಕಿಳಿಯಿತು. ಗಾಬರಿಯಲ್ಲಿ ಸರಿಯಿದ್ದ ಏಳರಿಂದಲೂ ಹೊಸದನ್ನು ತೆಗೆದರು. ಅಲ್ಲೂ ಹಳೆಯದೇ ಎದ್ದಿತು. ಮುಕ್ಕಾಲು ಗಂಟೆಯಲ್ಲಿ ಆದ ವ್ಯಾಪಾರದ ನಷ್ಟ 46 ಕೋಟಿ ಡಾಲರಿಗೂ ಹೆಚ್ಚು! ಮರುವರ್ಷ ಕಂಪನಿ ಇನ್ನೊಂದರೊಡನೆ ವಿಲೀನವಾಯಿತು.

ಒಬ್ಬ ತಂತ್ರಜ್ಞ ಮರೆತ, ನಿಜ. ಆದರೆ ಅವನನ್ನು ಬೈಯಲು ನನಗೆ ಮನಸ್ಸಾಗದು. ಅವನ ಕೆಲಸವನ್ನು ಮತ್ತೊಮ್ಮೆ ನೋಡಲು ಎರಡನೆಯವರು ಇರಲಿಲ್ಲ; ಇರಬೇಕೆಂಬ ಬರೆದಿಟ್ಟ ನಿಯಮವೂ ಇರಲಿಲ್ಲ. ಸರ್ಕಾರ 2013ರಲ್ಲಿ ದಂಡ ಹಾಕಿದ್ದೂ ಕಂಪನಿಗೇ.

ಪ್ರಶ್ನೆಪತ್ರಿಕೆಯ ಕಟ್ಟು ಒಡೆಯುವಾಗ ನಾವು ಇಬ್ಬರು ಸಹಿ ಹಾಕುತ್ತೇವೆ. ಅದು ಅಪನಂಬಿಕೆಯಲ್ಲ, ಮರೆವು ಎಲ್ಲರಿಗೂ ಉಂಟೆಂಬ ತಿಳಿವಳಿಕೆ. ಬಲ್ಲವರು ಹೊಸ ಪ್ರೋಗ್ರಾಮನ್ನು ಮೊದಲು ಒಂದೇ ಯಂತ್ರಕ್ಕೆ ಹಾಕಿ, ಸರಿಯಿದ್ದರೆ ಮಾತ್ರ ಉಳಿದವಕ್ಕೆ ಹಾಕುತ್ತಾರೆ. ಆದರೂ ಕೊನೆಗೆ ಎಣಿಸಲೇಬೇಕು. ಅನ್ನವಾದರೆ ಒಂದು ಅಗುಳು ಹಿಸುಕಿದರೆ ಸಾಕು. ಇಲ್ಲಿ ಎಂಟನ್ನೂ ಮುಟ್ಟಿ ನೋಡಬೇಕು.